ಅಪ್ಪನ ಕ್ಯಾಮೆರಾ, ಅಕ್ಕನ ಕಣ್ಣು

ಗದಗಿನ ಕಡೆ ಒಂದೂರು. ಅಲ್ಲೊಬ್ಬ ಸಿರಿವಂತ, ಹೆಸರು ಸಂಗನಬಸಪ್ಪ. ಎರಡು ಹತ್ತಿ ಗಿರಣಿಯ ಒಡೆಯ. ನೋಡಿ, ಅವನಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಆದರೆ ಮನೆಯಲ್ಲಿ ಅವನು ಎಲ್ಲಕ್ಕಿಂತ ಜೋಪಾನವಾಗಿಟ್ಟಿದ್ದು ಅಪ್ಪ ಬಿಟ್ಟುಹೋದ ಒಂದು ಹಳೆಯ ಕ್ಯಾಮೆರಾವನ್ನು. ಅಪ್ಪ ಊರಿನ ಫೋಟೋಗ್ರಾಫರ್ ಆಗಿದ್ದ. ರೀಲು ಹಾಕುವ ಕ್ಯಾಮೆರಾ ಅದು. ಮೇಲಿನಿಂದ ಬಗ್ಗಿ ನೋಡಿದರೆ ಎದುರಿಗಿದ್ದವರು ಸಣ್ಣದೊಂದು ಗಾಜಿನ ಮೇಲೆ ಮೂಡುತ್ತಿದ್ದರು. ಈಗ ಮಸೂರಕ್ಕೆ ಬೂಷ್ಟು ಹಿಡಿದಿತ್ತು, ಶಟರ್ ಕಚ್ಚಿಕೊಂಡಿತ್ತು.

ಅವನಿಗೊಬ್ಬ ಅಕ್ಕ, ನೀಲಗಂಗವ್ವ. ಅಪ್ಪ ತೀರಿದ ಮೇಲೆ ತಾನು ಮದುವೆಯಾಗದೆ, ಅದೇ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಮಂದಿಯ ಮದುವೆಗಳಿಗೆ ಹೋಗಿ, ತಮ್ಮನನ್ನು ಓದಿಸಿದವಳು. ಸಕ್ಕರೆ ಕಾಯಿಲೆಯಿಂದ ಅವಳ ಕಣ್ಣು ಮಂಜಾಗುತ್ತ ಬಂತು.

“ತಮ್ಮಾ, ಅಪ್ಪನ ಕ್ಯಾಮೆರಾ ರಿಪೇರಿ ಮಾಡ್ಸಪಾ. ಕಣ್ಣು ಪೂರಾ ಹೋಗೂದ್ರೊಳಗ ಅದರಾಗ ಒಮ್ಮೆ ನಿನ್ನ ಮಾರಿ ನೋಡಬೇಕು.”

“ಆತಕ್ಕಾ, ಮಾಡ್ಸೂಣು.”

ಮಾಡಿಸಿದನೇ? ಹುಬ್ಬಳ್ಳಿಯ ಮುದುಕ ಮೆಕ್ಯಾನಿಕ್ ಹೇಳಿದ: “ಎಂಟು ದಿನದ ಕೆಲಸರೀ. ಆದರ ಒಳಗಿನ ಒಂದೆರಡು ಭಾಗ ಬದಲಿ ಹಾಕಬೇಕಾಗ್ತದ.” ಹಳೆಯ ವಸ್ತು ಕೂಡಿಡುವ ಗೆಳೆಯ ಹೇಳಿದ: “ಹುಚ್ಚಪ್ಪಾ, ಭಾಗ ಬದಲಾದ್ರ ಅದು ಅಪ್ಪಂದು ಹೆಂಗಾಗ್ತದ?” ನೋಡಿ, ಇಬ್ಬರ ಮಾತೂ ಸರಿಯೇ. ಸಂಗನಬಸಪ್ಪ ತೂಗಿದ. ದಸರಾ ಬಂತು, ತೂಗಿದ. ಯುಗಾದಿ ಬಂತು, ತೂಗಿದ. ಅಕ್ಕ ಮತ್ತೆರಡು ಸಲ ಕೇಳಿದಳು. ಆಮೇಲೆ ಕೇಳುವುದನ್ನು ಬಿಟ್ಟಳು.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವಳ ಕೈ ರೊಟ್ಟಿಗಾಗಿ ತಟ್ಟೆಯ ಹೊರಗೆ ತಡಕಾಡಿತು. ಸಂಗನಬಸಪ್ಪ ಅರ್ಧ ಊಟಕ್ಕೇ ಎದ್ದ. ಕೈ ತೊಳೆದವನೇ ಹುಬ್ಬಳ್ಳಿಗೆ ಓಡಿದ. ಎಂಟು ದಿನ ಕಳೆದು, ದುರಸ್ತಿಯಾದ ಕ್ಯಾಮೆರಾಕ್ಕೆ ರೀಲು ಹಾಕಿಸಿ ತಂದು ಅಕ್ಕನ ಮಡಿಲಲ್ಲಿಟ್ಟ. ಅವಳು ಮುಚ್ಚಳ ತೆರೆದು ಬಗ್ಗಿದಳು. ಬಹಳ ಹೊತ್ತು ಬಗ್ಗಿಯೇ ಇದ್ದಳು.

“ಕಾಣ್ತದೇನಕ್ಕಾ?”

“ಇಲ್ಲೋ ತಮ್ಮಾ. ಬೆಳಕಷ್ಟ ಕಾಣ್ತದ.” ಆದರೆ ಅವಳ ಬೆರಳುಗಳು ಒಂದೊಂದು ಗುಂಡಿಯನ್ನೂ ಗುರುತು ಹಿಡಿದವು. “ಮುಂದ ಕುಂದ್ರು, ಆರಡಿ ದೂರ. ಮಾತಾಡಕೋತ ಇರು, ನೀ ಎಲ್ಲಿದ್ದಿ ಅಂತ ನನಗ ತಿಳೀಬೇಕು.”

“ಅಕ್ಕಾ... ಅಕ್ಕಾ...” ಅಷ್ಟೇ ಅಂದ. ಆ ದನಿಯ ಕಡೆಗೆ ತಿರುಗಿಸಿ ಅವಳು ಗುಂಡಿ ಒತ್ತಿದಳು.

ತೊಳೆಸಿ ತಂದ ಫೋಟೋದಲ್ಲಿ, ಐವತ್ತು ದಾಟಿದ ಗಂಡಸೊಬ್ಬ ಬಿಕ್ಕಿ ಅಳುತ್ತ ಕೂತಿದ್ದ.

“ಹೆಂಗ ಬಂದದೋ?”

“ಚಲೋ ಬಂದದಕ್ಕಾ. ನಗಾಕತ್ತೀನಿ.”

ಅವಳು ನಂಬಿದಳು. ಮನೆಗೆ ಬಂದವರಿಗೆಲ್ಲ ಅದನ್ನು ತೋರಿಸಿ, “ನನ್ನ ತಮ್ಮನ್ನ ನೋಡ್ರಿ, ಹೆಂಗ ನಗಾಕತ್ತಾನ” ಅನ್ನುತ್ತಿದ್ದಳು. ಬಂದವರೂ ತಲೆ ತಗ್ಗಿಸಿ ಹೌದೆನ್ನುತ್ತಿದ್ದರು.

ತಾಯಂದಿರೇ, ಅಣ್ಣಗಳಿರಾ, ಸಂಗನಬಸಪ್ಪ ಕೆಟ್ಟವನೇ? ಅಲ್ಲ. ಜಿಪುಣನೇ? ಅದೂ ಅಲ್ಲ. ‘ಆಗುವುದಿಲ್ಲ’ ಅಂದನೇ? ಒಮ್ಮೆಯೂ ಇಲ್ಲ. ‘ಮಾಡ್ಸೂಣು’ ಅಂದ! ನಮ್ಮ ನಿಮ್ಮ ಮನೆಗಳಲ್ಲಿ ದಿನಾ ಆಡುವ ಮಾತೇ ಅದು. ವಸ್ತು ಕೆಟ್ಟೀತೆಂದು ಹೆದರಿದ, ಕೇಳಿದವಳನ್ನು ಮರೆತ.

ನಿಮ್ಮ ಮನೆಯಲ್ಲೂ ಯಾರೋ ಏನನ್ನೋ ಕೇಳಿ, ಮತ್ತೆ ಕೇಳಿ, ಈಗ ಸುಮ್ಮನಾಗಿದ್ದಾರೆ. ಅದು ಯಾರೆಂದು ನಾನು ಹೇಳಬೇಕೇ? ಪ್ರವಚನ ಮುಗಿದು ಮಂಗಳಾರತಿಯಾಗಲೆಂದು ಕಾಯಬೇಡಿ, ಈಗಲೇ ಎದ್ದು ಹೋದರೂ ನನಗೆ ಬೇಸರವಿಲ್ಲ. ಹೋಗಿ, ಹೊಸಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅವರನ್ನು ಕರೆಯಿರಿ. “ಅವತ್ತು ಏನೋ ಕೇಳಿದ್ದೆಯಲ್ಲ, ನಡಿ” ಅನ್ನಿ.