ಅಂಚಿನಿಂದ ಏರಿದ ಕಪ್ಪು

ಗಾದಿಲಿಂಗಮ್ಮ ಮನೆಯಲ್ಲಿ ಕೊಯ್ದು, ಅಂಚು ಉಜ್ಜಿ ಕೊಟ್ಟ ಇಪ್ಪತ್ತೊಂದು ಕನ್ನಡಿಗಳನ್ನು ನಂದವರಂನ ಸಾಹುಕಾರರು ಹದಿನೈದು ದಿನಕ್ಕೆ ಗೋಡೆಯಿಂದ ಕೀಳಿಸಿ ವಾಪಸ್ ಕಳಿಸಿದರು. ಆಕೆಯ ಕೆಲಸ ಸರಿಯಿಲ್ಲ ಎಂದು ಊರಿಗೆಲ್ಲ ಹೇಳಿದರು.

ಹಲೋ... ಎವರು? ಯಾರು ಮಾತಾಡೋದು?...

ಹಾಂ, ಚಂದ್ರಮೋಹನ್ ಮೇಸ್ತ್ರಿ. ಇದ್ಯಾರ ನಂಬರಿಂದ ಮಾಡೀರಿ? ನಿಮ್ಮ ಫೋನಿಗೇನಾಗೈತಿ?...

ಚಾರ್ಜ್ ಇಲ್ಲ. ಸರಿ. ಹೇಳ್ರಿ...

ಬಂದಾವ. ನಿನ್ನೆ ಆಟೋದಾಗ ಬಂದಾವ. ಎಲ್ಲಾ ಬಿಚ್ಚಿ ನೋಡೀನಿ. ಅಂಚಿನಿಂದ ಒಳಗ ಬೆರಳಗಲ ಕಪ್ಪಾಗ್ಯಾವ...

ನನ್ನ ಕೈಕೆಲಸದ ತಪ್ಪಾ? ಇರಲಿ. ದೇವರ ಮನಿ ಗೋಡಿಗೆ ಕೂಡಿಸಿದೋರು ನೀವೇ ಅಲ್ವಾ? ಕೂಡಿಸೋ ಮೊದಲು ಅವಕ್ಕ ನೀರು ಹತ್ತಿತ್ತೇನು?...

ಒಂದು ಹನಿನೂ ಇಲ್ಲ. ಹಾಂ. ಮತ್ತ ಹಿಂದ ಅರಿಶಿಣ ಯಾಕ ಹತ್ತೈತಿ?...

ಪೂಜಿ ಅರಿಶಿಣ. ಪೂಜಿ ಮಾಡೋರು ಮುಂದ ಹಚ್ಚತಾರೋ, ಬೆನ್ನಿಗೆ ಹಚ್ಚತಾರೋ? ಬೆನ್ನು ಗೋಡಿ ಕಡಿಗಿರತೈತಲ್ರಿ. ಮತ್ತ ಆ ವಾಸನಿ? ಪೇಪರ್ ಬಿಚ್ಚಿದ್ರ ಮನಿ ತುಂಬ ಗಂಜಲ. ನನ್ನ ಮಗಳು ನಾಗಜ್ಯೋತಿ ಮೂಗು ಮುಚ್ಚಿಕೊಂಡು, ಅವ್ವಾ, ಇವನ್ನ ದನದ ಕೊಟ್ಟಿಗ್ಯಾಗ ಕೂಡಿಸಿದ್ರೇನು ಅಂದಳು...

ನಗಬ್ಯಾಡ್ರಿ. ಗಂಜಲದಾಗ ಎಷ್ಟು ದಿನ ನೆನಿ ಹಾಕಿದ್ರಿ?...

ಎರಡು ದಿನ. ಬಾನ್ಯಾಗ...

ಹೌದು, ನಾನೂ ನೀರು ಹಾಕೇ ಅಂಚು ಉಜ್ಜತೀನಿ. ಉಜ್ಜಿದ ಕೂಡಲೆ ಒರಸಿ, ಬಿಸಲಿಗಿಟ್ಟು, ಅಂಚಿಗೆ ಬಣ್ಣ ಹಚ್ಚತೀನಿ. ಹಿಂದಿನ ಬೆಳ್ಳಿ ಲೇಪಕ್ಕ ಹಸಿ ಏರಬಾರದಂತ. ಎರಡು ದಿನ ಗಂಜಲದಾಗ ಬಿದ್ರ ಯಾವ ಬಣ್ಣ ತಡೀತೈತಿ?...

ಅದೇ ಗೋಡಿ ನಡುವಿನ ದೊಡ್ಡ ಕನ್ನಡಿ ಆದೋನಿ ಅಂಗಡಿದಲ್ವಾ? ಅದು ಹೆಂಗೈತಿ?...

ಛಂದ ಐತಿ. ಅದನ್ನ ತೊಳದಿದ್ರೇನು?...

ಯಾಕ ತೊಳೀಲಿಲ್ಲ?...

ಅದು ಅಂಗಡಿದು. ನಂದು ಕೇರಿದು. ಅಷ್ಟು ಹೇಳಾಕ ಇಷ್ಟೊತ್ತು ಬೇಕಾತೇನು, ಮೇಸ್ತ್ರಿ?...

ಬಾಜೂಕ ಯಾರು ಕೆಮ್ಮಿದ್ದು? ಸ್ಪೀಕರ್ ಹಾಕೀರಿ. ಸಾಹುಕಾರ್ರು ಅಲ್ಲೇ ಕುಂತಾರ, ಅಲ್ವಾ? ಹಂಗಾರ ಈ ನಂಬರು ಅವರದು...

ನಮಸ್ಕಾರ್ರೀ ಸಾಹುಕಾರ್ರೆ. ಹೇಳ್ರಿ, ಕೇಳಾಕತ್ತೀನಿ...

ತಪ್ಪು ನಂದೇ ಅಂತ ಈ ಫೋನಿನಾಗ ನಾನು ಅನಬೇಕು. ನೀವು ಅದನ್ನ ರೆಕಾರ್ಡ್ ಮಾಡಿ ಇಟ್ಟುಕೊಂತೀರಿ. ಆಮ್ಯಾಲೆ ಹೊಸಾವು ಇಪ್ಪತ್ತೊಂದು ಕೊಯ್ದು ಕೊಡಬೇಕು. ಇಲ್ಲಾಂದ್ರ ಆದೋನಿಯಿಂದ ಗೋನೆಗಂಡ್ಲತನಕ ಯಾರೂ ನನಗ ಕೆಲಸ ಕೊಡದಂಗ ಮಾಡ್ತೀರಿ. ಎಲ್ಲಾ ಬಂತಾ, ಇನ್ನೂ ಏನರ ಉಳೀತಾ?...

ಒಂದು ಕೇಳ್ತೀನಿ. ಹೊಸಾವು ಬಂದ ಮ್ಯಾಲೆ ಅವನ್ನೂ ತೊಳೀತೀರಾ?...

ಪದ್ಧತಿ. ಹಾಂ...

ಹಂಗಾರ ಇದು ರೆಕಾರ್ಡ್ ಆಗಲಿ. ನಾನು ಗಾದಿಲಿಂಗಮ್ಮ. ಕನ್ನಡಿ ಕೆಟ್ಟಿದ್ದು ನಿಮ್ಮ ಬಾನ್ಯಾಗ. ತಪ್ಪು ನಂದು ಅಂತ ನಾನು ಅನ್ನಂಗಿಲ್ಲ...

ಇಲ್ರಿ. ನೀವು ತೊಳಿಯಾಕ ನಾನು ಕೊಯ್ಯಂಗಿಲ್ಲ. ಇಪ್ಪತ್ತೊಂದಲ್ಲ, ಒಂದೂ ಕೊ... ಹಲೋ? ಕಟ್ ಮಾಡಿಬಿಟ್ರು.