ಬಿರುಕಿಗೆ ಪುಟ್ಟಿ

ಗಲ್ಫಿನ ಅಲ್ ಗುಬ್ರಾದ ಹಲ್ಲಿನ ಕ್ಲಿನಿಕ್ಕಿನಲ್ಲಿ ಕಾಯುತ್ತಿದ್ದಾಗ ಪಕ್ಕದ ಗಂಡ ಹೆಂಡತಿಯ ಮಾತು ಕಿವಿಗೆ ಬಿತ್ತು. ಮಂಗಳೂರು ಕಡೆಯವರು. ಅವನು ಊದಿದ ಕೆನ್ನೆ ಹಿಡಿದು ಕೂತಿದ್ದ. ಅವಳ ಉಗುರುಗಳ ಸುತ್ತ ಬೂದು ಬಣ್ಣ ಅಂಟಿತ್ತು.

"ಬಿರುಕಿಗೆಲ್ಲ ಪುಟ್ಟಿ ಹಾಕಿಸಿದ್ರಾ?" ಎಂದಳು ಅವಳು.

"ನೀನೇ ಫೋಟೋ ಕಳಿಸಿದ್ದಲ್ವಾ ಮಾರಾಯ್ತಿ? ರಿಪೇರಿಗೆ ಅಂತ ಎಣಿಸಿ ನಮ್ಮ ಪೇಂಟರ್‌ಗಳನ್ನು ಕಳಿಸಿದೆ."

"ಚಂದ ಆಗಿದೆ ಅಂತ ಹೇಳ್ತೀರೇನೋ ಅಂತ ಕಳಿಸಿದ್ದು! ಅದು ಗೋಡೆ ಒಡೆದದ್ದಲ್ಲ ಮಾರ್ರೆ, ನಾನು ಬಿಡಿಸಿದ ಚಿತ್ರ. ಆ ಮನೆಯ ಮೇಡಂ ಇಂಗ್ಲೆಂಡಿನ ಯಾವುದೋ ಹಳೇ ಬಂಗಲೆಯ ಗೋಡೆಯಲ್ಲಿ ನೋಡಿದ್ರಂತೆ, ರೋಮಿನ ಹಾಳುಬಿದ್ದ ದೇವಸ್ಥಾನದ ಚಿತ್ರ. ಹಾಗೆಯೇ ಬೇಕು ಅಂದ್ರು."

"ಹೊಸ ಮನೆಗೆ ಹಾಳು ದೇವಸ್ಥಾನ ಯಾರಾದ್ರೂ ಹಾಕಿಸ್ತಾರಾ?"

"ಅವರು ಹಾಕಿಸ್ತಾರೆ. ಹದಿನಾರು ವರ್ಷ ನಿಮ್ಮ ಪೇಂಟಿಂಗ್ ಕಂಪನಿಯ ಶೇಡ್ ಕಾರ್ಡ್ ಹಿಡಿದು ತಿರುಗಿದೆ. ನನ್ನ ಕೈ ನೋಡಿ ಸಿಕ್ಕಿದ ಕೆಲಸ ಇದೊಂದೇ. ಕಂಬದ ಬುಡದಲ್ಲಿ ಬಿಡಿಸಿದ ಹುಲ್ಲಾದ್ರೂ ಉಂಟಾ?"

"ಅದು... ಪಾಚಿ ಅಂತ ಕೆರೆದ್ರಂತೆ."

ಅವಳು ಉಗುರಿನ ಬೂದು ಬಣ್ಣ ಕೆರೆದಳು.

"ಒಂದು ಮಾತು ನನ್ನ ಹತ್ರ ಕೇಳಬಹುದಿತ್ತಲ್ಲ?"

"ಕೇಳಿದ್ರೆ ನೀನು ಬೇಡ ಅಂತಿದ್ದಿ."

"ನಾಳೆ ಮೇಡಂ ನೋಡ್ಲಿಕ್ಕೆ ಬರ್ತಾರೆ."

"ಪುನಃ ಬಿರುಕು ಬಿಡಿಸ್ಲಿಕ್ಕೆ ಆಗುದಿಲ್ವಾ?"

"ಯಾಕೆ ಬಿಡಿಸ್ಬೇಕು? ನಿಮ್ಮ ಪುಟ್ಟಿ ಅಲ್ವಾ, ನಾಳೆಗೆ ತಾನಾಗಿಯೇ ಒಡೀತದೆ."

ಅವನಿಗೆ ನಗು ಬಂತು, ಅವಳಿಗೆ ಬರಲಿಲ್ಲ. ಅಷ್ಟರಲ್ಲಿ ನರ್ಸ್, "ಲಕ್ಷಿತ್," ಎಂದು ಕರೆದಳು.

"ಯಶ್ಮಿತಾ, ಒಳಗೆ ಬರುದಿಲ್ವಾ?"

"ಹಲ್ಲು ನಿಮ್ಮದು, ನೀವು ಹೋಗಿ. ನನಗೆ ಗೋಡೆ ಕೆಲಸ ಉಂಟು."

ಅವನ ಕೈಯಿಂದ ಕಾರಿನ ಕೀ ತೆಗೆದುಕೊಂಡು ಅವಳು ಹೊರಟೇ ಹೋದಳು.