ಹಗಲು ಪಾಳಿಯ ಪರವಾಗಿ ಎರಡು ಮಾತು

ಈ ಸಹಾಯವಾಣಿಯನ್ನು ಒಂದು ಫೋನು, ಎರಡು ಕುರ್ಚಿಗಳಿಂದ ಆರಂಭಿಸಿ ಇವತ್ತು ಅಧ್ಯಕ್ಷ ಸ್ಥಾನದಲ್ಲಿ ಕೂತಿರುವ ನಿವೃತ್ತ ಮುಖ್ಯೋಪಾಧ್ಯಾಯಿನಿಯವರೇ, ಮೊದಲ ಸಾಲಿನಲ್ಲಿರುವ ನಗರಸಭೆಯ ಆಯವ್ಯಯ ಸಮಿತಿಯ ಸದಸ್ಯರೇ, ಗುರುತು ಪರಿಚಯವಿಲ್ಲದವರ ಮಾತಿಗೆ ಕಿವಿಗೊಡುವ ಸ್ವಯಂಸೇವಕರೇ, ಅವರನ್ನು ಈ ಕೆಲಸಕ್ಕೆ ಬಿಟ್ಟುಕೊಟ್ಟಿರುವ ಮನೆಮಂದಿಯವರೇ, ಸಭಿಕರೇ,

ಸಹಾಯವಾಣಿಯ ರಾತ್ರಿ ಪಾಳಿಯ ಖರ್ಚನ್ನು ಪೂರ್ತಿಯಾಗಿ ಸಾರ್ವಜನಿಕ ಹಣದಿಂದ ಭರಿಸಲು ಆಯವ್ಯಯ ಸಮಿತಿ ನಿನ್ನೆ ಸಂಜೆ ಒಪ್ಪಿದೆ. ಹಗಲು ಪಾಳಿಯ ತೀರ್ಮಾನವನ್ನು ಗುರುವಾರಕ್ಕೆ ಮುಂದೂಡಿದೆ. ಇದನ್ನು ನನಗೆ ಮೊದಲು ತಿಳಿಸಿದವರು ಸಮಿತಿಯ ಗುಮಾಸ್ತರು, ಫೋನಿನಲ್ಲಿ. ಬೆಳಿಗ್ಗೆ ಪತ್ರಿಕೆಯ ಐದನೇ ಪುಟದಲ್ಲೂ ಬಂದಿದೆ. ಒಂದೇ ಕಾಲಂ, ಅದರ ಪಕ್ಕದಲ್ಲಿ ಹಾಸಿಗೆ ಅಂಗಡಿಯ ಅರ್ಧ ಪುಟದ ಜಾಹೀರಾತು. ಸುದ್ದಿ ಚಿಕ್ಕದು, ಆದರೆ ನಿಜ. ಅದಕ್ಕಾಗಿ ಮೊದಲು ಸಮಿತಿಗೆ ಕೃತಜ್ಞತೆ ಹೇಳಿ ಮುಂದಕ್ಕೆ ಹೋಗುತ್ತೇನೆ.

ನನ್ನನ್ನು ಬಲ್ಲವರಿಗೆ ನನ್ನ ಪರಿಚಯ ಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ನಾನು ಪಕ್ಕದ ಕೊಠಡಿಯವನು. ಈ ನಗರದಲ್ಲಿ ಬೆಂಕಿ ಬಿದ್ದರೆ, ಅಪಘಾತವಾದರೆ, ಯಾರಿಗಾದರೂ ಎದೆನೋವು ಬಂದರೆ ನೀವು ಮಾಡುವ ತುರ್ತು ಕರೆ ನಮ್ಮ ಕೊಠಡಿಗೆ ಬರುತ್ತದೆ. ನಾನು ಅಲ್ಲಿನ ಮುಖ್ಯಸ್ಥ. ಅದಕ್ಕೂ ಮೊದಲು ವರ್ಷಗಟ್ಟಲೆ ಹೆಡ್‌ಫೋನ್ ಹಾಕಿಕೊಂಡು ಕರೆ ತೆಗೆದುಕೊಂಡವನು. ನಮ್ಮ ಹಳೆಯ ಹೆಡ್‌ಫೋನುಗಳಿಗೆ ಒಂದೇ ಕಿವಿ, ಅದೂ ಎಡಗಡೆ. ಇಲಾಖೆ ನನಗೆ ಸಂಬಳ ಕೊಟ್ಟಿದೆ, ಬಡ್ತಿ ಕೊಟ್ಟಿದೆ, ನನ್ನಿಂದ ಎಡಗಿವಿಯನ್ನು ಇಸಿದುಕೊಂಡಿದೆ. ಆದ್ದರಿಂದ ಭಾಷಣ ಚೆನ್ನಾಗಿಲ್ಲ ಎನ್ನುವವರು ದಯವಿಟ್ಟು ಎಡಗಡೆ ಕೂತು ಹೇಳಿ. ನನಗೂ ನೆಮ್ಮದಿ, ನಿಮಗೂ ನೆಮ್ಮದಿ.

ನಮ್ಮ ಕೊಠಡಿಯ ಮೊದಲ ಪ್ರಶ್ನೆ ಯಾವುದು? "ಎಲ್ಲಿದ್ದೀರಿ?" ಏನಾಯಿತು, ಯಾರು, ಯಾಕೆ, ಇವೆಲ್ಲ ಆಮೇಲೆ. ಮಾತಿನ ನಡುವೆ ಫೋನ್ ಕಡಿದುಹೋದರೆ ವಿಳಾಸವೊಂದಾದರೂ ನಮ್ಮ ಕೈಯಲ್ಲಿರಬೇಕು. ಆಮೇಲೆ ಗಂಡಸೋ ಹೆಂಗಸೋ, ವಯಸ್ಸೆಷ್ಟು, ಎಚ್ಚರ ಇದೆಯೇ, ಉಸಿರಾಟ ಇದೆಯೇ, ಮೆಟ್ಟಿಲು ಹತ್ತಬೇಕೇ. ಗಾಡಿ ಹೊರಟಿತೆಂದರೆ ಆದಷ್ಟು ಬೇಗ ಫೋನ್ ಇಡಬೇಕು, ಇನ್ನೊಬ್ಬರು ಕಾಯುತ್ತಿರುತ್ತಾರೆ. ಇದು ಬಾಯಿಪಾಠವಾಗಿ, ಬಾಯಿಪಾಠ ಅಭ್ಯಾಸವಾಗಿ, ಅಭ್ಯಾಸ ಮನೆಗೂ ಬಂತು. ನನ್ನ ನಾದಿನಿಗೆ ಮಗು ಹುಟ್ಟಿದಾಗ ಅತ್ತೆಯವರು ಆಸ್ಪತ್ರೆಯಿಂದ ಫೋನ್ ಮಾಡಿ, "ಗಂಡು ಮಗು ಕಣಪ್ಪಾ!" ಎಂದರು. ನಾನು, "ಉಸಿರಾಡ್ತಿದೆಯಾ?" ಎಂದು ಕೇಳಿದೆ. ಅಂದಿನಿಂದ ನನ್ನ ಭಾವಮೈದ ನನ್ನನ್ನು ಭಾವ ಎಂದು ಕರೆದದ್ದಿಲ್ಲ. "ಏನು ಕಂಟ್ರೋಲ್ ರೂಮು, ಊಟ ಆಯ್ತಾ?" ಎನ್ನುತ್ತಾನೆ.

ಇನ್ನು ಸಹಾಯವಾಣಿಯವರ ಕೊಠಡಿ, ಬದುಕು ಭಾರವಾದವರು ಫೋನ್ ಮಾಡಿ ಮನಸ್ಸು ಬಿಚ್ಚುವ ಜಾಗ. ಕಳೆದ ವರ್ಷ ನಗರಸಭೆ ಅವರಿಗೆ ನಮ್ಮ ಮಹಡಿಯಲ್ಲೇ ಜಾಗ ಕೊಟ್ಟಿತು. ನಡುವೆ ಒಂದು ಪ್ಲೈವುಡ್ ಗೋಡೆ, ಅದರಲ್ಲೊಂದು ಗಾಜಿನ ಕಿಟಕಿ. ಕಿಟಕಿಯಿಂದ ನಮ್ಮ ಹುಡುಗಿಯರು ನೋಡುತ್ತಿದ್ದರು. ಒಬ್ಬರೇ ಕರೆದಾರರ ಜೊತೆ ಇವರು ಗಂಟೆಗಟ್ಟಲೆ ಕೂತಿರುತ್ತಾರೆ. ಮಾತೂ ಕಡಿಮೆ, ಬರೀ ಹೂಂ, ಹೂಂ. ವಿಳಾಸ ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ. ಎಲ್ಲಕ್ಕಿಂತ ವಿಚಿತ್ರವೆಂದರೆ ಇವರು ಮೊದಲು ಫೋನ್ ಇಡುವುದಿಲ್ಲ. ಆ ಕಡೆಯವರು ಇಟ್ಟ ಮೇಲೆಯೇ ಇಡಬೇಕೆಂಬುದು ಇವರ ನಿಯಮ. ನಮ್ಮವರು ಇವರಿಗೆ ಹರಟೆಕಟ್ಟೆ ಎಂದು ಹೆಸರಿಟ್ಟರು. ಇವರೇನು ಸುಮ್ಮನಿದ್ದರೇ? ನಮಗೆ ವಿಳಾಸ ಇಲಾಖೆ ಎಂದು ಹೆಸರಿಟ್ಟರು. "ಏನ್ರೀ ವಿಳಾಸ ಇಲಾಖೆ, ಒಂದು ನಿಮಿಷ ಆಯ್ತಲ್ಲ, ಇನ್ನೂ ಫೋನ್ ಇಟ್ಟಿಲ್ವಾ? ಮೈ ಹುಷಾರಿಲ್ವಾ?" ಇಂಥ ಮಾತುಗಳ ನಡುವೆಯೇ ಸ್ನೇಹ ಬೆಳೆಯಿತು. ಈಗ ಎರಡೂ ಕೊಠಡಿಗೆ ಟೀ ಒಂದೇ ಫ್ಲಾಸ್ಕಿನಲ್ಲಿ ಬರುತ್ತದೆ.

ಆದರೆ ಒಂದು ವ್ಯತ್ಯಾಸ ಹಾಗೇ ಉಳಿಯಿತು. ನನ್ನ ಮೇಜಿನ ಫೋನಿಗಾಗಿ ಯಾರೂ ಡಬ್ಬಿ ಹಿಡಿದು ಚಂದಾ ಎತ್ತಿದ್ದಿಲ್ಲ. ಅದರ ಬಿಲ್ಲು ಯಾರು ಕಟ್ಟುತ್ತಾರೆಂದು ನಾನು ಒಂದು ದಿನವೂ ಯೋಚಿಸಿದ್ದಿಲ್ಲ. ಆ ಕಿಟಕಿಯ ಆಚೆ ಕೂತವರು ಸಂಗೀತ ಸಂಜೆ ಮಾಡಿದ್ದಾರೆ, ಹಳೆ ಪೇಪರ್ ಮಾರಿದ್ದಾರೆ, ನಮ್ಮ ಅಧ್ಯಕ್ಷೆಯವರು ತಮ್ಮ ಹಳೆಯ ವಿದ್ಯಾರ್ಥಿಗಳ ಅಂಗಡಿ ಬಾಗಿಲಲ್ಲಿ ನಿಂತಿದ್ದಾರೆ. ಅಂಗಡಿಯವರು ಇವರನ್ನು ಕಂಡು ಎದ್ದು ನಿಲ್ಲುತ್ತಿದ್ದರಂತೆ, ಲೆಕ್ಕ ತಪ್ಪಿ ಇವರ ಕೈಲಿ ಹೊಡೆತ ತಿಂದ ನೆನಪಿಗೆ. ಎರಡೂ ಜೀವ ಉಳಿಸುವ ಫೋನುಗಳೇ. ಒಂದಕ್ಕೆ ತೆರಿಗೆಯ ಹಣ, ಇನ್ನೊಂದಕ್ಕೆ ಚಂದಾ ಡಬ್ಬಿ. ಬೀದಿ ದೀಪಕ್ಕೆ ನಾವು ಚಂದಾ ಎತ್ತುತ್ತೇವೆಯೇ? ಕುಡಿಯುವ ನೀರಿಗೆ ಸಂಗೀತ ಸಂಜೆ ಮಾಡುತ್ತೇವೆಯೇ?

ಸಮಿತಿಗೆ ಇದು ಅರ್ಥವಾಗಿದೆ, ರಾತ್ರಿಯ ಮಟ್ಟಿಗೆ. ಹಗಲಿನ ಬಗ್ಗೆ ಮಾನ್ಯ ಸದಸ್ಯರು ಒಂದು ಪ್ರಶ್ನೆ ಎತ್ತಿದರು. ಇಲ್ಲೇ ಕೂತಿದ್ದಾರೆ, ತಪ್ಪಾಗಿ ಹೇಳಿದರೆ ತಿದ್ದಲಿ. "ಹಗಲು ಹೊತ್ತಲ್ಲಿ ಜನ ಕೆಲಸದಲ್ಲಿರ್ತಾರೆ, ಸುತ್ತ ನಾಲ್ಕು ಜನ ಇರ್ತಾರೆ. ಆವಾಗ ಯಾರು ಮೇಡಂ ಫೋನ್ ಮಾಡೋದು? ಆಂಬುಲೆನ್ಸ್ ಕಳಿಸಿದ್ರೆ ಆಸ್ಪತ್ರೆಯಲ್ಲಿ ಒಬ್ಬ ಮನುಷ್ಯ ಕಾಣ್ತಾನೆ. ಹಗಲು ಪಾಳಿಯಿಂದ ಉಳಿದವರು ಒಬ್ಬರನ್ನ, ಒಬ್ಬರನ್ನಾದ್ರೂ ತೋರಿಸಿ, ನಾನೇ ಕೈ ಎತ್ತುತ್ತೀನಿ."

ಅಧ್ಯಕ್ಷೆಯವರು ಕೊಟ್ಟ ಉತ್ತರ ಇಷ್ಟೇ: "ನಾವು ಹೆಸರು ಕೇಳಲ್ಲ ಅಂತಲೇ ಜನ ನಮಗೆ ಫೋನ್ ಮಾಡ್ತಾರೆ ಸಾರ್. ಎಲ್ಲಿಂದ ತೋರಿಸ್ಲಿ?"

ಸದಸ್ಯರ ಪ್ರಶ್ನೆ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಜನರ ಹಣ ಕೊಡುವವರು ಕೇಳಲೇಬೇಕು. ನನಗೂ ಸಾಕ್ಷಿ ಇಲ್ಲದ ಮಾತು ಹಿಡಿಸುವುದಿಲ್ಲ. ಆದ್ದರಿಂದ ನನಗೆ ತಿಳಿದ ಒಂದು ಪ್ರಸಂಗವನ್ನು ಸಭೆಯ ಮುಂದಿಡುತ್ತೇನೆ. ಇದು ನನ್ನಂತೆಯೇ ತುರ್ತು ಕರೆ ತೆಗೆದುಕೊಳ್ಳುತ್ತಿದ್ದ ಒಬ್ಬ ನೌಕರನ ವಿಷಯ. ಎಲ್ಲಿಯವನು ಎನ್ನುವುದು ಮುಖ್ಯವಲ್ಲ.

ಆತ ಒಂದು ದಿನ ಒಬ್ಬ ಹೆಂಗಸಿನ ಕರೆ ತೆಗೆದುಕೊಂಡ. ಆಕೆಯ ಗಂಡ ಊಟದ ಮೇಜಿನ ಪಕ್ಕದಲ್ಲೇ ಕುಸಿದಿದ್ದರು. ಆತ ಗಾಡಿ ಕಳಿಸಿದ, ಎದೆ ಹೇಗೆ ಒತ್ತಬೇಕೆಂದು ಆಕೆಗೆ ಹೇಳಿಕೊಟ್ಟ, ಒಂದೊಂದು ಒತ್ತಿಗೂ ಆಕೆಯ ಜೊತೆ ತಾನೂ ಎಣಿಸಿದ. ಗಾಡಿ ಸಮಯಕ್ಕೆ ಸರಿಯಾಗಿ ತಲುಪಿತು. ಗಂಡ ಉಳಿಯಲಿಲ್ಲ. ಆಮೇಲೆ ಇಲಾಖೆ ಆ ಧ್ವನಿಮುದ್ರಣ ತೆಗೆಸಿ ಕೇಳಿತು. ಎಲ್ಲೂ ಲೋಪವಿಲ್ಲ, ಎಲ್ಲವೂ ಕ್ರಮಬದ್ಧ ಎಂದು ವರದಿ ಬಂತು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಆತನಿಗೆ ಅದೇ ಭಾರವಾಯಿತು. ತಪ್ಪಾಗಿದ್ದರೆ ತಿದ್ದಿಕೊಳ್ಳಬಹುದಿತ್ತು. ಎಲ್ಲ ಸರಿ ಮಾಡಿಯೂ ಹೀಗಾಗುವುದಾದರೆ ನಾಳೆ ಮತ್ತೆ ಯಾವ ಧೈರ್ಯದಲ್ಲಿ ಫೋನ್ ಎತ್ತುವುದು? ಊಟ ರುಚಿಸಲಿಲ್ಲ. ಆ ಹೆಂಗಸು ಎಣಿಸುತ್ತಿದ್ದ ಧ್ವನಿ ಕಿವಿಯಿಂದ ಹೋಗಲಿಲ್ಲ. ಇದು ತಿಂಗಳುಗಟ್ಟಲೆ ನಡೆಯಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು, ಲೋಪವೇ ಇಲ್ಲವಲ್ಲ?

ಹೀಗಿರುವಾಗ ಒಂದು ದಿನ, ವಾರದ ರಜೆ, ಮಧ್ಯಾಹ್ನ, ಬಿಸಿಲು ಚೆನ್ನಾಗಿತ್ತು. ಹೆಂಡತಿ ತಂಗಿಯ ಮನೆಗೆ ಹೋಗಿದ್ದರು. ಕೆಳಗೆ ಯಾರೋ ಸ್ಕೂಟರ್ ತೊಳೆಯುತ್ತಿದ್ದರು, ರೇಡಿಯೋ ಹಾಕಿಕೊಂಡು. ಸದಸ್ಯರು ಹೇಳಿದ ಹಾಗೆ ಸುತ್ತ ನಾಲ್ಕು ಜನ ಇದ್ದರು. ಆ ಹೊತ್ತಿನಲ್ಲಿ ಆತನ ಮನಸ್ಸಿನಲ್ಲಿ ಏನಿತ್ತೆಂದು ನಾನು ವಿವರಿಸುವುದಿಲ್ಲ. ತನ್ನ ಜೀವ ತನಗೆ ಬೇಡವೆನಿಸಿತ್ತು, ಅಷ್ಟು ಸಾಕು. ಬಸ್ ನಿಲ್ದಾಣದ ಗೋಡೆಯ ಮೇಲೆ ದಿನವೂ ನೋಡುತ್ತಿದ್ದ ಸಹಾಯವಾಣಿಯ ನಂಬರು ನೆನಪಿತ್ತು. ಅಡುಗೆಮನೆಯಲ್ಲಿ ನಿಂತುಕೊಂಡೇ ಫೋನ್ ಮಾಡಿದ.

"ಹೇಳಿ, ಕೇಳಿಸ್ಕೊಳ್ತಿದ್ದೀನಿ," ಎಂದರು ಆ ಕಡೆಯವರು.

ಈತ ಏನು ಹೇಳಿದನೆಂದು ಊಹಿಸಬಲ್ಲಿರಾ? ಅಳಲಿಲ್ಲ, ಗೋಳಾಡಲಿಲ್ಲ. ವರದಿ ಕೊಟ್ಟ! "ಗಂಡಸು. ಐವತ್ತು ದಾಟಿದೆ. ಎಚ್ಚರ ಇದೆ. ಉಸಿರಾಟ ಸರಿ ಇದೆ. ಗಾಯ ಇಲ್ಲ. ಮನೇಲಿ ಒಬ್ಬನೇ ಇದ್ದಾನೆ. ಎರಡನೇ ಮಹಡಿ. ಮೆಟ್ಟಿಲು ಅಗಲ ಇದೆ, ಸ್ಟ್ರೆಚರ್ ಹತ್ತುತ್ತೆ."

ಆ ಕಡೆಯವರು ವರದಿಯನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದರು, "ಅವರು ನಿಮಗೇನಾಗ್ಬೇಕು?"

"ಏನೂ ಆಗ್ಬೇಕಾಗಿಲ್ಲ. ಗೊತ್ತು ಅಷ್ಟೇ."

"ಚೆನ್ನಾಗಿ ಗೊತ್ತಾ?"

"ಚೆನ್ನಾಗೇ ಗೊತ್ತು ಅಂದ್ಕೊಂಡಿದ್ದೆ."

"ಪಕ್ಕದಲ್ಲೇ ಇದ್ದಾರಾ?"

"ಇದ್ದಾನೆ."

"ಒಂದು ಸಹಾಯ ಮಾಡ್ತೀರಾ? ಫೋನ್ ಅವರ ಕೈಗೆ ಕೊಡಿ."

ನೋಡಿ, ಇಂಥ ಮಾತಿಗೆ ಯಾವ ತರಬೇತಿ ಇದೆಯೋ ನನಗೆ ಗೊತ್ತಿಲ್ಲ. ಆತ ಒಂದು ಕ್ಷಣ ಯೋಚಿಸಿ, ನಿಜವಾಗಿಯೂ ಇನ್ನೊಬ್ಬನಿಗೆ ಕೊಡುವ ಹಾಗೆ, ಫೋನನ್ನು ಬಲಗೈಯಿಂದ ಎಡಗೈಗೆ ಕೊಟ್ಟ. ಎಡಗಿವಿಗೆ ಹಿಡಿದು, "ಹಲೋ," ಎಂದ.

"ಬಂದ್ರಾ? ಕೂತ್ಕೊಳ್ಳಿ," ಎಂದರು ಅವರು. ಎಡಗಿವಿ ಮಂದವಾದ್ದರಿಂದ ಆ ಮಾತು ಆತನಿಗೆ ಎರಡನೇ ಸಲ ಹೇಳಿದಾಗ ಕೇಳಿಸಿತು.

ಯಾಕೆ, ಎಲ್ಲರೂ ನನ್ನ ಕಿವಿಯನ್ನೇ ನೋಡುತ್ತಿದ್ದೀರಲ್ಲ?

ಹೌದು. ಎಡಗಿವಿ. ನಾನೇ ಮೊದಲು ಹೇಳಿಬಿಟ್ಟಿದ್ದೆ, ಅಲ್ಲವೇ? ಸ್ವಲ್ಪ ನೀರು ಕೊಡಿ.

ಇರಲಿ. ಇನ್ನೊಬ್ಬನ ಹೆಸರಿನಲ್ಲಿ ವರದಿ ಕೊಡುವುದು ನನಗೆ ಅಂಟಿದ ಚಾಳಿ ಎಂದು ಕಾಣುತ್ತದೆ. ಈಗ ಫೋನನ್ನು ಅವನ ಕೈಗೇ ಕೊಡುತ್ತೇನೆ. ಅದು ನಾನು. ನಾಲ್ಕು ವರ್ಷದ ಹಿಂದಿನ ಮಾತು. ಆಗ ಸಹಾಯವಾಣಿ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿತ್ತು. ಫೋನಿನಲ್ಲಿ ನನಗೆ ಸುತ್ತಿಗೆ ಬಡಿಯುವ ಸದ್ದು ಕೇಳಿಸುತ್ತಿತ್ತು.

ನಾನು ಕೂತೆ. ಅವರು ಕೇಳಿಸಿಕೊಂಡರು. ಸಮಾಧಾನದ ಮಾತು ಹೇಳಲಿಲ್ಲ, ಬುದ್ಧಿ ಹೇಳಲಿಲ್ಲ, ನನ್ನಲ್ಲಿ ಲೋಪವಿಲ್ಲ ಎಂದಂತೂ ಹೇಳಲೇ ಇಲ್ಲ. "ಆ ಹೆಂಗಸಿನ ಜೊತೆ ನೀವೂ ಎಣಿಸಿದ್ರಲ್ಲ, ಎಣಿಸುವಾಗ ನಿಮಗೆ ಹೇಗಾಗ್ತಿತ್ತು?" ಎಂದು ಕೇಳಿದರು. ಅದುವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಇದೆಯೇ ಎಂದೂ ನೇರವಾಗಿ ಕೇಳಿದರು. ಇದೆ ಎಂದೆ. ಹಾಗೆಂದು ಬಾಯಿಬಿಟ್ಟು ಹೇಳಿದ ಮೇಲೆ ಉಸಿರು ಸರಾಗವಾಯಿತು. ನಾಳೆ ಯಾವ ಡಾಕ್ಟರ ಹತ್ತಿರ ಹೋಗುವುದೆಂದು ಇಬ್ಬರೂ ಸೇರಿ ಗೊತ್ತು ಮಾಡಿದೆವು. ಅಷ್ಟು ಹೊತ್ತಿಗೆ ಬಿಸಿಲು ಕಿಟಕಿಯಿಂದ ಇಳಿದಿತ್ತು. ಅವರು ಫೋನ್ ಇಡಲಿಲ್ಲ. ನಾನೇ ಇಟ್ಟೆ.

ಮನೆಯವರು ವಾಪಸ್ ಬಂದಾಗ ನಾನು ಅಡುಗೆಮನೆಯಲ್ಲಿ ದೀಪ ಹಾಕದೆ ಕೂತಿದ್ದೆ. "ಏನ್ರೀ, ಕರೆಂಟ್ ಹೋಗಿತ್ತಾ?" ಎಂದರು. "ಇಲ್ಲ, ಫೋನ್ ಬಂದಿತ್ತು," ಎಂದೆ. "ಯಾರ್ದು?" "ಕೆಲಸದ್ದು." ಮಾರನೆಯ ದಿನ ಡಾಕ್ಟರ ಹತ್ತಿರ ಹೋದೆ, ಔಷಧಿ ತೆಗೆದುಕೊಂಡೆ, ಬೆನ್ನುನೋವು ಎಂದು ಹೇಳಿ ರಜೆ ಹಾಕಿದೆ. ನನ್ನ ಬೆನ್ನಿಗೆ ಏನೂ ಆಗಿರಲಿಲ್ಲ. ಆದರೂ ಆ ರಜೆಯಷ್ಟು ದಿನವೂ ಮನೆಯವರು ಸಂಜೆ ಬಿಸಿ ಎಣ್ಣೆ ಹಚ್ಚಿ ತಿಕ್ಕಿದರು. ಅವರು ಎರಡನೇ ಸಾಲಿನಲ್ಲಿದ್ದಾರೆ. ಇದನ್ನು ನಿಮ್ಮೆಲ್ಲರ ಜೊತೆ ಈಗಲೇ ಕೇಳುತ್ತಿದ್ದಾರೆ. ಎಣ್ಣೆ ವ್ಯರ್ಥವಾಗಲಿಲ್ಲ ಎಂದು ಮಾತ್ರ ಅವರಿಗೆ ಹೇಳಬಯಸುತ್ತೇನೆ. ಉಳಿದದ್ದನ್ನು ಮನೆಗೆ ಹೋಗಿ ಹೇಳುತ್ತೇನೆ. ಎದ್ದು ಹೋಗದೆ ಕೂತಿದ್ದಾರೆ, ಕಣ್ಣು ಒರೆಸಿಕೊಳ್ಳುತ್ತಾ ನನ್ನನ್ನೇ ಗದರುವ ಹಾಗೆ ನೋಡುತ್ತಿದ್ದಾರೆ. ಅದಕ್ಕೂ ನಾನು ಕೃತಜ್ಞ.

ಅಂದು ಫೋನ್ ತೆಗೆದವರು ಯಾರು? ನನಗೆ ಗೊತ್ತಿಲ್ಲ. ಅವರ ನಿಯಮದ ಪ್ರಕಾರ ಅವರು ಹೇಳುವಂತಿಲ್ಲ, ನಾನು ಹುಡುಕುವುದೂ ಸರಿಯಲ್ಲ. ಒಂದೆರಡು ಸಲ ಪ್ಲೈವುಡ್ ಗೋಡೆಯ ಆಚೆಯಿಂದ "ಕೂತ್ಕೊಳ್ಳಿ" ಎನ್ನುವ ಧ್ವನಿ ಕೇಳಿಸಿ ನಾನು ಟೀ ಲೋಟ ಕೆಳಗಿಟ್ಟಿದ್ದೇನೆ. ಎದ್ದು ಕಿಟಕಿಯಲ್ಲಿ ನೋಡಲಿಲ್ಲ. ಅವರು ಈ ಸಭೆಯಲ್ಲಿರಬಹುದು, ಇಲ್ಲದೆಯೂ ಇರಬಹುದು. ಯಾರೆಂದು ತಿಳಿಯದ ಕಾರಣ ನಾನು ನಿಮ್ಮೆಲ್ಲರಿಗೂ ವಂದನೆ ಹೇಳಬೇಕಾಗಿದೆ. ಆ ಕೋಣೆಗೆ ಬಾಡಿಗೆ ಕೇಳದ ಸೈಕಲ್ ಅಂಗಡಿಯವರಿಗೆ, ಆ ತಿಂಗಳ ಫೋನ್ ಬಿಲ್ಲಿಗೆ ಚಂದಾ ಕೊಟ್ಟ ಅಂಗಡಿಯವರಿಗೆ, ಆ ಮಧ್ಯಾಹ್ನ ಮನೆಯಲ್ಲಿ ಮಲಗದೆ ಪಾಳಿಗೆ ಬಂದವರಿಗೆ. ನನ್ನ ಜೀವ ಒಂದು ಚಂದಾ ಡಬ್ಬಿಯ ಮೇಲೆ ನಿಂತಿತ್ತು. ಡಬ್ಬಿ ಆ ತಿಂಗಳು ತುಂಬಿತ್ತು, ನಾನು ಉಳಿದೆ. ತುಂಬದ ತಿಂಗಳುಗಳಲ್ಲಿ ಮೊದಲು ನಿಲ್ಲಿಸುತ್ತಿದ್ದದ್ದು ಮಧ್ಯಾಹ್ನದ ಪಾಳಿಯನ್ನು. ಆ ತಿಂಗಳುಗಳಲ್ಲಿ ಯಾರು ಫೋನ್ ಮಾಡಿದರು, ಅದು ಎಷ್ಟು ಹೊತ್ತು ಬಡಿದುಕೊಂಡಿತು ಎನ್ನುವುದಕ್ಕೆ ನಮ್ಮಲ್ಲಿ ಯಾರಲ್ಲೂ ಲೆಕ್ಕವಿಲ್ಲ.

ಮಾನ್ಯ ಸದಸ್ಯರೇ, ಒಬ್ಬರನ್ನಾದರೂ ತೋರಿಸಿ ಎಂದಿರಿ. ನಾನು ಇಲ್ಲಿಗೆ ಬಂದದ್ದು ಆ ಉದ್ದೇಶದಿಂದಲ್ಲ. ಆದರೂ ತೋರಿಸಿದಂತಾಯಿತು. ಗಂಡಸು. ಐವತ್ತೈದು ದಾಟಿದೆ. ಎಚ್ಚರ ಇದೆ. ಉಸಿರಾಟ ಸರಿ ಇದೆ. ಒಬ್ಬನೇ ಇಲ್ಲ.

ಕರೆದು ಮಾತಾಡಲು ಅವಕಾಶ ಕೊಟ್ಟ ಸಹಾಯವಾಣಿಗೆ, ತಾಳ್ಮೆಯಿಂದ ಕೇಳಿದ ನಿಮಗೆ, ರಾತ್ರಿ ಪಾಳಿಯನ್ನು ನಿಶ್ಚಿಂತೆ ಮಾಡಿದ ಸಮಿತಿಗೆ ನನ್ನ ವಂದನೆಗಳು.

ಸಮಿತಿ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ನಗರಸಭೆಯ ಎರಡನೇ ಮಹಡಿಯಲ್ಲಿ ಸೇರುತ್ತದೆ. ಹಗಲು ಪಾಳಿ ಮೂರನೇ ವಿಷಯ. ಮತಕ್ಕೆ ಹಾಕುವ ಮೊದಲು ಸಾರ್ವಜನಿಕರು ಮಾತಾಡಬಹುದು. ನಾನು ಮಾತಾಡುತ್ತೇನೆ.

ನಮಸ್ಕಾರ.